ಮಗುವಿನ ಗುರಿಯನ್ನು ಬರೆಯುವವರು ಯಾರು? – ಬೀದರ ಸೀಮೆಯ ಪ್ರಾಥಮಿಕ ಶಿಕ್ಷಣದ ಒಂದು ಹಿನ್ನೋಟ

ಶಾಲೆಯೆಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಕಟ್ಟಡ, ಕರಿಹಲಗೆ, ಪಾಠಪುಸ್ತಕ ಮತ್ತು ಪರೀಕ್ಷೆ. ಆದರೆ ಇವೆಲ್ಲಕ್ಕೂ ಮೊದಲು ಯಾರೋ ಒಬ್ಬರು ಒಂದು ನಿರ್ಧಾರ ಮಾಡಿರುತ್ತಾರೆ. ಈ ಮಗು ಏನನ್ನು ಕಲಿಯಬೇಕು, ಯಾವ ಭಾಷೆಯಲ್ಲಿ ಕಲಿಯಬೇಕು, ಎಷ್ಟು ದಿನದಲ್ಲಿ ಕಲಿಯಬೇಕು ಎಂಬ ನಿರ್ಧಾರವದು. ಇದನ್ನೇ ಶಿಕ್ಷಣದ ಮಾತಿನಲ್ಲಿ ಕಲಿಕೆಯ ಗುರಿ ಎನ್ನುತ್ತಾರೆ. ಈ ಗುರಿಯನ್ನು ಒಂದು ಕಾಲದಲ್ಲಿ ಸುಲ್ತಾನನ ಮಂತ್ರಿ ಬರೆದ, ಇನ್ನೊಂದು ಕಾಲದಲ್ಲಿ ಮಠದ ಸ್ವಾಮಿಗಳು ಬರೆದರು, ಮಿಷನರಿಗಳು ಬರೆದರು, ಸರ್ಕಾರದ ಇಲಾಖೆ ಬರೆಯಿತು. ಕಲಿಯುವ ಮಗುವನ್ನು ಮಾತ್ರ ಬಹಳ ಕಾಲ ಯಾರೂ ಕೇಳಲಿಲ್ಲ. ಮಗುವನ್ನೂ ಆ ನಿರ್ಧಾರದಲ್ಲಿ ಸೇರಿಸಿಕೊಳ್ಳಬೇಕೆಂಬ ವಿಚಾರ ಹೇಗೆ ಬೆಳೆದು ಬಂತು ಎಂಬುದನ್ನು ಬೀದರ, ಭಾಲ್ಕಿ, ಔರಾದಗಳ ಹಿನ್ನೆಲೆಯಲ್ಲಿ ನೋಡೋಣ. ಕರ್ನಾಟಕದ ಭೂಪಟದ ತುತ್ತತುದಿಯಲ್ಲಿರುವ ಈ ಸೀಮೆಯಲ್ಲಿ ಭಾಷೆಗಳೂ ಹಲವು, ಬಂದು ಹೋದ ಆಡಳಿತಗಳೂ ಹಲವು. ಆದ್ದರಿಂದ ಈ ಪ್ರಶ್ನೆ ಇಲ್ಲಿ ಬೇರೆಡೆಗಿಂತ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಗವಾನನ ಮದರಸಾ ಮತ್ತು ಊರ ಕೂಲಿಮಠ

ಬೀದರಿನ ಹಳೆಯ ಊರಿನೊಳಗೆ ಮಹಮೂದ್ ಗವಾನನ ಮದರಸಾ ಇದೆ. ಬಹಮನಿ ರಾಜ್ಯದ ಮಂತ್ರಿಯಾಗಿದ್ದ ಗವಾನ್ 1472ರ ಸುಮಾರಿಗೆ ಇದನ್ನು ಕಟ್ಟಿಸಿದ. ಮೂರು ಅಂತಸ್ತಿನ ಕಟ್ಟಡ, ಬಣ್ಣದ ಹೆಂಚುಗಳ ಅಲಂಕಾರ, ಸುಮಾರು 3000 ಹಸ್ತಪ್ರತಿಗಳ ಗ್ರಂಥಾಲಯ ಅದರಲ್ಲಿತ್ತೆಂದು ಇತಿಹಾಸಕಾರರು ಹೇಳುತ್ತಾರೆ. 1481ರಲ್ಲಿ ಸುಳ್ಳು ಆಪಾದನೆಗೆ ಗುರಿಯಾಗಿ ಗವಾನ್ ಕೊಲ್ಲಲ್ಪಟ್ಟ. ಮುಂದೆ ಔರಂಗಜೇಬನ ಕಾಲದಲ್ಲಿ ಕಟ್ಟಡದ ಒಂದು ಭಾಗ ಸ್ಫೋಟದಿಂದ ಉರುಳಿತು. ಇಂದು ಒಂದೇ ಮಿನಾರು ಉಳಿದಿದೆ. ಆ ಮದರಸಾ ಉನ್ನತ ವಿದ್ಯೆಯ ಕೇಂದ್ರವಾಗಿತ್ತು. ಅರಬ್ಬಿ, ಪಾರಸಿ, ಧರ್ಮಶಾಸ್ತ್ರ, ಗಣಿತಗಳನ್ನು ಕಲಿತ ವಿದ್ವಾಂಸರನ್ನು ತಯಾರು ಮಾಡುವುದು ಅದರ ಗುರಿ. ಬೀದರದ ಸುತ್ತಲಿನ ಹಳ್ಳಿಯ ರೈತನ ಮಗು ಏನು ಕಲಿಯಬೇಕೆಂಬುದು ಅದರ ಪ್ರಶ್ನೆಯಾಗಿರಲಿಲ್ಲ.

ಹಳ್ಳಿಯ ಮಗುವಿಗೆ ಅಂದು ಇದ್ದದ್ದು ಊರಿನ ಗುಡಿಯಲ್ಲೋ, ಮಠದಲ್ಲೋ, ಐಗಳ ಮನೆಯ ಪಡಸಾಲೆಯಲ್ಲೋ ನಡೆಯುತ್ತಿದ್ದ ಕೂಲಿಮಠ. ಇಂಥ ಶಾಲೆಗಳ ಬಗ್ಗೆ ನಮಗೆ ದೊರೆಯುವ ಒಂದು ಒಳ್ಳೆಯ ವಿವರಣೆ ಬಳ್ಳಾರಿಯದು. 1823ರಲ್ಲಿ ಅಲ್ಲಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಮದ್ರಾಸಿನ ಸರ್ಕಾರಕ್ಕೆ ಒಂದು ವರದಿ ಕಳುಹಿಸಿದ. ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳೂ 6641 ವಿದ್ಯಾರ್ಥಿಗಳೂ ಇದ್ದಾರೆಂದು ಅವನು ಲೆಕ್ಕ ಕೊಟ್ಟ. ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಮುಂದೆ ಹೋದ ಹುಡುಗ ಹಿಂದಿನವನಿಗೆ ಹೇಳಿಕೊಡುತ್ತಿದ್ದ. ಬಂದ ದಿನದಿಂದ ಪ್ರತಿ ಮಗುವೂ ತನ್ನ ಮಟ್ಟದಿಂದಲೇ ಮುಂದೆ ಹೋಗುತ್ತಿತ್ತು. ಈ ಕ್ರಮವನ್ನು ಕ್ಯಾಂಪ್‌ಬೆಲ್ ಹೊಗಳಿದ. ಇದಕ್ಕೂ ಮೊದಲು, 18ನೆಯ ಶತಮಾನದ ಕೊನೆಯಲ್ಲಿ, ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಮದ್ರಾಸಿನ ಅನಾಥಾಲಯದ ಶಾಲೆಯಲ್ಲಿ ಇದೇ ಪದ್ಧತಿಯನ್ನು ಅಳವಡಿಸಿ, ನಂತರ ಇಂಗ್ಲೆಂಡಿಗೂ ಒಯ್ದಿದ್ದ. ನಮ್ಮ ಊರ ಐಗಳ ಮರಳುಪಾಠ ಹೀಗೆ ಸಮುದ್ರ ದಾಟಿತು.

ಆದರೆ ಅದೇ ವರದಿಯಲ್ಲಿ ಕ್ಯಾಂಪ್‌ಬೆಲ್ ಒಂದು ಕೊರತೆಯನ್ನೂ ಎತ್ತಿ ತೋರಿಸಿದ. ಮಕ್ಕಳು ಓದುವ ಕಾವ್ಯಗಳ ಭಾಷೆ ಅವರು ಮನೆಯಲ್ಲಿ ಆಡುವ ಭಾಷೆಯಲ್ಲ. ಆದ್ದರಿಂದ ಬಾಯಿಪಾಠ ಚೆನ್ನಾಗಿ ಬಂದರೂ ಅರ್ಥ ತಿಳಿದಿರುವುದಿಲ್ಲ. ಜೊತೆಗೆ ಹೆಣ್ಣುಮಕ್ಕಳಿಗೂ ಕೆಳಜಾತಿಯೆಂದು ದೂರವಿಟ್ಟವರ ಮಕ್ಕಳಿಗೂ ಆ ಪಡಸಾಲೆಯ ಬಾಗಿಲು ಬಹುಮಟ್ಟಿಗೆ ಮುಚ್ಚಿಯೇ ಇತ್ತು. ಮೆಟ್ಟಿಲು ಚೆನ್ನಾಗಿತ್ತು, ಆದರೆ ಹತ್ತುವ ಅವಕಾಶ ಎಲ್ಲರಿಗೂ ಇರಲಿಲ್ಲ. ಹತ್ತಿದವರಿಗೂ ಮೇಲೆ ಏನಿದೆಯೆಂಬುದು ತಿಳಿಯುತ್ತಿರಲಿಲ್ಲ.

ಕ್ಯಾಥೊಲಿಕ್ ಪ್ರಾಥಮಿಕ ಶಾಲೆಯ ಮೂಲ

ಇದೇ ಪ್ರಶ್ನೆಯನ್ನು ಯೂರೋಪಿನ ಕ್ಯಾಥೊಲಿಕ್ ಶಾಲೆಗಳೂ ಎದುರಿಸಿದ್ದವು. ಜೆಸುಯಿಟ್ ಪಾದ್ರಿಗಳು 1599ರಲ್ಲಿ ತಮ್ಮ ಶಾಲೆಗಳಿಗಾಗಿ ಒಂದು ಅಧ್ಯಯನ ಕ್ರಮವನ್ನು ಪ್ರಕಟಿಸಿದರು. ತರಗತಿಗಳನ್ನು ವಿಂಗಡಿಸಿ ಪ್ರತಿ ತರಗತಿಗೂ ಇಂತಿಷ್ಟು ಸಾಧನೆಯೆಂದು ಅದರಲ್ಲಿ ನಿಗದಿ ಮಾಡಿದರು. ಇಬ್ಬಿಬ್ಬರು ಹುಡುಗರನ್ನು ಪರಸ್ಪರ ಪ್ರತಿಸ್ಪರ್ಧಿಗಳನ್ನಾಗಿ ಮಾಡಿ ಉತ್ಸಾಹ ಹುಟ್ಟಿಸುವುದೂ ಅದರ ಒಂದು ಭಾಗವಾಗಿತ್ತು. ಆದರೆ ಅದು ಲ್ಯಾಟಿನ್ ಕಲಿಯುವ ದೊಡ್ಡ ಹುಡುಗರಿಗಾಗಿ ಮಾಡಿದ ವ್ಯವಸ್ಥೆ.

ಬಡವರ ಸಣ್ಣ ಮಕ್ಕಳ ಕಡೆಗೆ ಗಮನ ಹರಿಸಿದವನು ಫ್ರಾನ್ಸಿನ ಜಾನ್ ಬ್ಯಾಪ್ಟಿಸ್ಟ್ ದ ಲಾ ಸಾಲ್ (1651–1719). 1680ರ ಸುಮಾರಿಗೆ ಅವನು ಉಪಾಧ್ಯಾಯರ ಒಂದು ಸೋದರ ಸಂಘವನ್ನು ಕಟ್ಟಿದ. ಆ ಸಂಘದ ಶಾಲೆಗಳ ನಡಾವಳಿಯ ಪುಸ್ತಕ ಮೊದಲು ಕೈಬರಹದಲ್ಲಿ ಹರಡಿ, 1720ರಲ್ಲಿ ಅಚ್ಚಾಯಿತು. ಅದರಲ್ಲಿ ಮೂರು ಸಂಗತಿಗಳು ಇಂದಿಗೂ ಗಮನಾರ್ಹ. ಮೊದಲನೆಯದು ಭಾಷೆ. ಅಂದು ಮಕ್ಕಳಿಗೆ ಓದುವುದನ್ನು ಲ್ಯಾಟಿನ್ನಿನಿಂದ ಆರಂಭಿಸುವುದು ವಾಡಿಕೆ. ಲಾ ಸಾಲ್ ಅದನ್ನು ತಿರುಗಿಸಿ, ಮನೆಮಾತಾದ ಫ್ರೆಂಚನ್ನು ಮೊದಲು ಇಟ್ಟ. ಎರಡನೆಯದು ಮೆಟ್ಟಿಲು. ಪ್ರತಿ ಪಾಠದಲ್ಲೂ ಆರಂಭದವರು, ನಡುವಿನವರು, ಮುಂದಿನವರು ಎಂದು ಮೂರು ಮಟ್ಟಗಳಿದ್ದವು. ತಿಂಗಳಿಗೊಮ್ಮೆ ಪರೀಕ್ಷಿಸಿ, ಸಿದ್ಧರಾದವರನ್ನು ಮುಂದಿನ ಮಟ್ಟಕ್ಕೆ ಏರಿಸುತ್ತಿದ್ದರು. ಮೂರನೆಯದು ಮಗುವಿನ ಪರಿಚಯ. ಪ್ರತಿ ಮಗುವಿನ ಸ್ವಭಾವ, ಶಕ್ತಿ, ಕೊರತೆಗಳನ್ನು ಉಪಾಧ್ಯಾಯರು ವರ್ಷದ ಕೊನೆಗೆ ಬರೆದಿಟ್ಟು ಮುಂದಿನ ವರ್ಷದ ಉಪಾಧ್ಯಾಯರಿಗೆ ಒಪ್ಪಿಸಬೇಕಿತ್ತು. ಒಂದೇ ಅಳತೆಯ ಅಂಗಿಯನ್ನು ಎಲ್ಲ ಮಕ್ಕಳಿಗೂ ತೊಡಿಸಲಾಗದು ಎಂಬ ತಿಳಿವಳಿಕೆ ಇದರಲ್ಲಿದೆ. 1950ರಲ್ಲಿ ಪೋಪ್ 12ನೆಯ ಪಯಸ್ ಇವನನ್ನು ಉಪಾಧ್ಯಾಯರ ಪಾಲಕ ಸಂತನೆಂದು ಘೋಷಿಸಿದರು.

ಕನ್ನಡ ನಾಡಿಗೆ ಕ್ಯಾಥೊಲಿಕ್ ಶಿಕ್ಷಣ ದೊಡ್ಡ ಪ್ರಮಾಣದಲ್ಲಿ ಬಂದದ್ದು ಕರಾವಳಿಯ ಮೂಲಕ. ಅಪೊಸ್ತಲಿಕ್ ಕಾರ್ಮೆಲ್ ಸಂಘದ ಸೋದರಿಯರು 1870ರಲ್ಲಿ ಮಂಗಳೂರಿಗೆ ಬಂದು ಹೆಣ್ಣುಮಕ್ಕಳ ಶಿಕ್ಷಣಕ್ಕೆ ತೊಡಗಿದರು. ಜೆಸುಯಿಟ್ಟರ ಸಂತ ಅಲೋಶಿಯಸ್ ಕಾಲೇಜು 1880ರಲ್ಲಿ ಆರಂಭವಾಯಿತು. ಬೀದರದ ಕಥೆ ಬೇರೆ. ಇಲ್ಲಿ ಕ್ರೈಸ್ತ ಶಿಕ್ಷಣದ ಮೊದಲ ಹೆಜ್ಜೆಗಳು ಪ್ರಾಟೆಸ್ಟಂಟರಾದ ಮೆಥೊಡಿಸ್ಟ್ ಮಿಷನ್ನಿನವು. ಅವರು 19ನೆಯ ಶತಮಾನದ ಕೊನೆಯ ಹೊತ್ತಿಗೆ ಬಂದು ಶಾಲೆ, ಆಸ್ಪತ್ರೆಗಳನ್ನು ನಡೆಸಿದರು. ಕ್ಯಾಥೊಲಿಕ್ ಶಾಲೆಗಳು ಬಂದದ್ದು ಬಹಳ ತಡವಾಗಿ. ಬೀದರ ಜಿಲ್ಲೆಯನ್ನೂ ಒಳಗೊಂಡ ಕಲಬುರಗಿ ಧರ್ಮಪ್ರಾಂತ ಸ್ಥಾಪನೆಯಾದದ್ದೇ 2005ರಲ್ಲಿ.

ಹೊರಗೆ ಉರ್ದು ಫಲಕ, ಒಳಗೆ ಕನ್ನಡ ಪಾಠ

ಈ ನಡುವೆ ಭಾಲ್ಕಿ ಮತ್ತು ಔರಾದದ ಮಣ್ಣಿನಲ್ಲೇ ಒಂದು ದೊಡ್ಡ ಪ್ರಯೋಗ ನಡೆದಿತ್ತು. ಅಂದು ಈ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಆಡಳಿತ, ನ್ಯಾಯಾಲಯ, ಉನ್ನತ ಶಿಕ್ಷಣ ಎಲ್ಲದರ ಭಾಷೆ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದಲ್ಲಿ ಆರಂಭವಾಯಿತು. ಭಾರತೀಯ ಭಾಷೆಯೊಂದರಲ್ಲಿ ವಿಜ್ಞಾನ, ವೈದ್ಯಕೀಯಗಳನ್ನು ಕಲಿಸಬಹುದೆಂದು ಅದು ತೋರಿಸಿಕೊಟ್ಟಿತು. ಅದು ನಿಜವಾಗಿಯೂ ದೊಡ್ಡ ಸಾಧನೆ. ಆದರೆ ಸಂಸ್ಥಾನದ ಬಹುಪಾಲು ಜನರ ಮನೆಮಾತು ತೆಲುಗು, ಮರಾಠಿ ಅಥವಾ ಕನ್ನಡ. ಉರ್ದು ಮನೆಮಾತಾಗಿದ್ದ ಮಗುವಿಗೆ ಹತ್ತಿರವಾದ ಗುರಿ, ಕನ್ನಡ ಮನೆಮಾತಿನ ಮಗುವಿಗೆ ದೂರವಾಯಿತು. ಖಾಸಗಿಯಾಗಿ ಶಾಲೆ ತೆರೆಯುವುದಕ್ಕೂ ಸರ್ಕಾರದ ಅನುಮತಿ ಬೇಕಿತ್ತು. ಹೀಗಿದ್ದರೂ ಕಲಬುರಗಿಯಲ್ಲಿ 1907ರಲ್ಲಿ ನೂತನ ವಿದ್ಯಾಲಯ ಹುಟ್ಟಿತು. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಹಮ್‌ದರ್ದ್ ಶಾಲೆಯನ್ನು ಕಟ್ಟಿದರು.

ಬೀದರ ಸೀಮೆಯಲ್ಲಿ ಈ ಕೆಲಸವನ್ನು ಹೊತ್ತವರು ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು. ಅವರ ಹುಟ್ಟೂರು ಕಮಲನಗರ. ಅಂದು ಔರಾದ ತಾಲ್ಲೂಕಿನಲ್ಲಿದ್ದ ಆ ಊರು ಇಂದು ತಾನೇ ಒಂದು ತಾಲ್ಲೂಕಿನ ಕೇಂದ್ರ. 1930ರ ದಶಕದಲ್ಲಿ ಅವರು ಅಲ್ಲಿ ಮಕ್ಕಳಿಗೆ ಕನ್ನಡ ಕಲಿಸತೊಡಗಿದರು. ಶಾಲೆಯ ಹೊರಗೆ ಉರ್ದು ಫಲಕವನ್ನು ಹಾಕಿ ಒಳಗೆ ಕನ್ನಡ ಪಾಠ ಹೇಳಿಸಿದರೆಂಬ ಸಂಗತಿ ಇಂದಿಗೂ ಬೀದರ ಜಿಲ್ಲೆಯ ಮನೆಮಾತು. ದೂರದ ಹಳ್ಳಿಗಳಿಂದ ಬಂದ ಬಡ ಮಕ್ಕಳಿಗೆ ಊಟ, ವಸತಿಯ ಏರ್ಪಾಟು ಮಾಡಿದರು. ಮುಂದೆ ಶಾಂತಿವರ್ಧಕ ಶಿಕ್ಷಣ ಸಂಸ್ಥೆಯ ಮೂಲಕ ಭಾಲ್ಕಿಯೇ ಮೊದಲಾದ ಕಡೆಗಳಲ್ಲಿ ಶಾಲೆ, ಕಾಲೇಜುಗಳು ಬೆಳೆದವು. 1999ರಲ್ಲಿ ಲಿಂಗೈಕ್ಯರಾದಾಗ ಅವರ ವಯಸ್ಸು ನೂರು ದಾಟಿತ್ತು.

ಇಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ಪಟ್ಟದ್ದೇವರು ಉರ್ದುವನ್ನು ದ್ವೇಷಿಸಿ ಈ ಕೆಲಸ ಮಾಡಲಿಲ್ಲ; ಮಗುವಿನ ಮನೆಮಾತಿಗೆ ಶಾಲೆಯಲ್ಲಿ ಜಾಗ ಕೊಡಿಸಲು ಮಾಡಿದರು. ಲಾ ಸಾಲ್ ಲ್ಯಾಟಿನ್ನಿನ ಮೊದಲು ಫ್ರೆಂಚನ್ನು ಇಟ್ಟದ್ದೂ ಇದೇ ಕಾರಣಕ್ಕೆ. ಒಬ್ಬನು ಫ್ರಾನ್ಸಿನ ಪಾದ್ರಿ, ಇನ್ನೊಬ್ಬರು ಕಮಲನಗರದ ಶರಣ ಪರಂಪರೆಯ ಸ್ವಾಮಿಗಳು. ನಡುವೆ ಇನ್ನೂರಕ್ಕೂ ಹೆಚ್ಚು ವರ್ಷಗಳ ಅಂತರ. ಇಬ್ಬರೂ ಕಂಡುಕೊಂಡ ಸತ್ಯ ಒಂದೇ: ತನಗೆ ಅರ್ಥವಾಗದ ಭಾಷೆಯಲ್ಲಿ ಹೇಳಿದ ಗುರಿ ಮಗುವಿನ ಗುರಿಯಾಗುವುದಿಲ್ಲ.

ಇಲಾಖೆಯ ಪಟ್ಟಿಯಿಂದ ಮಗುವಿನ ಏಣಿಯವರೆಗೆ

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದ ಒಕ್ಕೂಟದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳ ರಚನೆಯಾದಾಗ ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೂ, ಜಹೀರಾಬಾದ್, ನಾರಾಯಣಖೇಡಗಳು ಆಂಧ್ರಕ್ಕೂ ಹೋದವು. ಬೀದರ, ಭಾಲ್ಕಿ, ಔರಾದ, ಹುಮನಾಬಾದ್ ಮುಂತಾದವು ಮೈಸೂರು ರಾಜ್ಯಕ್ಕೆ ಸೇರಿದವು. ಆಡಳಿತದ ಭಾಷೆ ಬದಲಾಯಿತು. ಆದರೆ ಮನೆಗಳ ಭಾಷೆ ಒಂದು ದಿನದಲ್ಲಿ ಬದಲಾಗುವುದಿಲ್ಲ. ಔರಾದದ ಹಳ್ಳಿಗಳಲ್ಲಿ ಇಂದಿಗೂ ಮರಾಠಿ, ಕನ್ನಡ, ಉರ್ದು, ತೆಲುಗು, ತಾಂಡಾಗಳ ಲಂಬಾಣಿ ಒಟ್ಟಿಗೆ ಕೇಳಿಬರುತ್ತವೆ. ನಿನ್ನೆ ಕನ್ನಡದ ಮಗುವಿಗೆ ಆಗಿದ್ದ ತೊಡಕು ಇಂದು ಲಂಬಾಣಿ ಮನೆಮಾತಿನ ಮಗುವಿಗೆ ಆಗದಂತೆ ನೋಡಿಕೊಳ್ಳುವುದು ಕನ್ನಡ ಶಾಲೆಯ ಹೊಣೆ. ಇಂಗ್ಲಿಷ್ ಮಾಧ್ಯಮದ ಶಾಲೆಗಳಿಗೂ, ಅವು ಯಾವ ಧರ್ಮದ ಸಂಸ್ಥೆಯವೇ ಆಗಿರಲಿ, ಈ ಮಾತು ಅನ್ವಯಿಸುತ್ತದೆ.

ಹಿಂದುಳಿದಿರುವಿಕೆಯ ಭಾರವೂ ಸಣ್ಣದಲ್ಲ. 1991ರ ಜನಗಣತಿಯಲ್ಲಿ ಬೀದರ ಜಿಲ್ಲೆಯ ಸಾಕ್ಷರತೆ ಸುಮಾರು ಶೇ. 45 ಇತ್ತು. 2011ರಲ್ಲಿ ಅದು ಸುಮಾರು ಶೇ. 70ಕ್ಕೆ ಏರಿತು. ಈ ಏರಿಕೆ ಸಂತೋಷದ ವಿಷಯ. ಆದರೂ ರಾಜ್ಯದ ಸರಾಸರಿ ಆಗ ಶೇ. 75 ದಾಟಿತ್ತು. ಶಿಕ್ಷಣ ಮತ್ತು ಉದ್ಯೋಗದಲ್ಲಿ ಈ ಪ್ರದೇಶದವರಿಗೆ ವಿಶೇಷ ಅವಕಾಶ ನೀಡುವ ಸಂವಿಧಾನದ 371(ಜೆ) ವಿಧಿ 2012ರ ತಿದ್ದುಪಡಿಯಿಂದ ಬಂದದ್ದು ಇದೇ ಹಿನ್ನೆಲೆಯಲ್ಲಿ. ಅಂಕಿಗಳ ಅರ್ಥವಿಷ್ಟೇ: ಇಂದು ಶಾಲೆಯಲ್ಲಿರುವ ಎಷ್ಟೋ ಮಕ್ಕಳು ತಮ್ಮ ಮನೆತನದಲ್ಲಿ ಮೊದಲ ಬಾರಿಗೆ ಪುಸ್ತಕ ಹಿಡಿದವರು. 'ಓದು' ಎಂದು ತಾಯಿ ಹೇಳಬಲ್ಲಳು, ಏನನ್ನು ಎಷ್ಟು ಓದಬೇಕೆಂದು ಅವಳಿಗೂ ಯಾರೂ ತಿಳಿಸಿಲ್ಲ.

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಸರ್ಕಾರ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿತು. ಆರ್. ಎಚ್. ದವೆ ಅವರ ಅಧ್ಯಕ್ಷತೆಯ ಸಮಿತಿ 1991ರ ಹೊತ್ತಿಗೆ ಕನಿಷ್ಠ ಕಲಿಕಾ ಮಟ್ಟಗಳ ವರದಿಯನ್ನು ನೀಡಿತು. ಭಾಷೆ, ಗಣಿತ, ಪರಿಸರ ಅಧ್ಯಯನಗಳಲ್ಲಿ ಒಂದರಿಂದ ಐದನೆಯ ತರಗತಿಯವರೆಗೆ ಪ್ರತಿ ಮಗುವೂ ಏನನ್ನು ಮಾಡಬಲ್ಲದಾಗಿರಬೇಕು ಎಂಬುದನ್ನು ಅದು ಪಟ್ಟಿ ಮಾಡಿತು. 'ಪಾಠ ಮುಗಿಯಿತು' ಎನ್ನುವ ಬದಲು 'ಮಗು ಕಲಿಯಿತು' ಎನ್ನುವಂತಾಗಬೇಕೆಂಬುದು ಅದರ ಆಶಯ. ಆಶಯ ಒಳ್ಳೆಯದು. ಆದರೆ ಪಟ್ಟಿ ಉಪಾಧ್ಯಾಯರ ಕೈಯಲ್ಲಿತ್ತು, ಮಗುವಿನ ಕಣ್ಣಿಗೆ ಬೀಳುತ್ತಿರಲಿಲ್ಲ.

ಆ ಪಟ್ಟಿಯನ್ನು ಮಗುವಿನ ಎದುರಿಗೆ ತಂದದ್ದು ಕರ್ನಾಟಕದ ನಲಿ–ಕಲಿ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಉಪಾಧ್ಯಾಯರು ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, 1995ರಲ್ಲಿ ಯೂನಿಸೆಫ್ ನೆರವಿನಿಂದ ಇದನ್ನು ಆರಂಭಿಸಿದರು. 2009ರಿಂದ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆಲ್ಲ ವಿಸ್ತರಿಸಿತು. ಇದರಲ್ಲಿ ಗೋಡೆಯ ಮೇಲೆ ಒಂದು ಕಲಿಕಾ ಏಣಿ ಇರುತ್ತದೆ. ಏಣಿಯ ಪ್ರತಿ ಮೆಟ್ಟಿಲಿಗೂ ಒಂದು ಕಾರ್ಡು. ಮಗು ತನ್ನ ಮೆಟ್ಟಿಲನ್ನು ತಾನೇ ಗುರುತಿಸಿ ಕಾರ್ಡನ್ನು ತೆಗೆದುಕೊಳ್ಳುತ್ತದೆ. ಮೊದಲು ಉಪಾಧ್ಯಾಯರ ನೆರವಿನಿಂದ, ನಂತರ ಜೊತೆಯವರ ನೆರವಿನಿಂದ, ಕೊನೆಗೆ ಸ್ವಂತವಾಗಿ ಕಲಿಯುತ್ತದೆ. ಅಕ್ಷರಗಳು ಸಹ 'ಅ ಆ ಇ ಈ' ಕ್ರಮದಲ್ಲಿ ಬರುವುದಿಲ್ಲ. 'ರ, ಗ, ಸ, ದ, ಅ' ಎಂಬ ಐದು ಅಕ್ಷರಗಳಿಂದ ಪಾಠ ಆರಂಭ. ಈ ಐದು ಬಂದರೆ ಮಗು ಸರ, ದರ, ಅರಸ, ಅಗಸ, ಗರಗಸ ಎಂದು ಓದಬಲ್ಲದು. ಇಡೀ ವರ್ಣಮಾಲೆ ಮುಗಿಯುವವರೆಗೆ ಕಾಯಬೇಕಾಗಿಲ್ಲ, ಕೆಲವೇ ದಿನಗಳಲ್ಲಿ 'ನಾನು ಓದಿದೆ' ಎಂಬ ಹೆಮ್ಮೆ ಸಿಗುತ್ತದೆ. ಹತ್ತಿರದ ಗುರಿಯ ಬಲ ಇದು. ಕೂಲಿಮಠದ ಮರಳುಪಾಠದಲ್ಲಿದ್ದ ಒಳ್ಳೆಯ ಗುಣ ಹೀಗೆ ಹೊಸ ರೂಪದಲ್ಲಿ ಮರಳಿ ಬಂತು. ಈ ಸಲ ಎಲ್ಲ ಜಾತಿಯ ಹುಡುಗ ಹುಡುಗಿಯರಿಗೂ ಬಾಗಿಲು ತೆರೆದಿತ್ತು.

ಗುರಿ ಹೇಗಿರಬೇಕು?

ಈ ಇತಿಹಾಸದಿಂದ ತರಗತಿಯ ಕೆಲಸಕ್ಕೆ ಒದಗುವ ಪಾಠಗಳೇನು? ಮೊದಲನೆಯದಾಗಿ, ಗುರಿ ಸಣ್ಣದಾಗಿಯೂ ಸ್ಪಷ್ಟವಾಗಿಯೂ ಇರಬೇಕು. 'ಚೆನ್ನಾಗಿ ಓದುತ್ತೇನೆ' ಎಂಬುದು ಹಾರೈಕೆ. 'ಶುಕ್ರವಾರದೊಳಗೆ ಒತ್ತಕ್ಷರವಿರುವ ಹತ್ತು ಪದಗಳನ್ನು ತಡವರಿಸದೆ ಓದುತ್ತೇನೆ' ಎಂಬುದು ಗುರಿ. ಇದನ್ನು ಮುಟ್ಟಿದೆನೋ ಇಲ್ಲವೋ ಎಂದು ಮಗುವೇ ಹೇಳಬಲ್ಲದು. ಅಕ್ಷರ ಬಾರದ ತಾಯಿಯೂ ಮಗು ಓದುವುದನ್ನು ಕೇಳಿ, ಎಲ್ಲಿ ತಡೆಯಿತೆಂದು ಗುರುತಿಸಬಲ್ಲಳು.

ಎರಡನೆಯದಾಗಿ, ಗುರಿಯನ್ನು ಮಗುವಿನ ಜೊತೆ ಕುಳಿತು ನಿರ್ಧರಿಸಬೇಕು. 'ಹೋದ ವಾರ ಏನು ಬಂತು? ಏನು ಕಷ್ಟವಾಯಿತು? ಈ ವಾರ ಯಾವುದನ್ನು ಹಿಡಿಯೋಣ?' ಎಂಬ ಮೂರು ಪ್ರಶ್ನೆಗಳಿಗೆ ಐದು ನಿಮಿಷ ಸಾಕು. ಹಾಗೆಂದು ಎಲ್ಲವನ್ನೂ ಮಗುವಿಗೇ ಬಿಡಲಾಗದು. ಮುಂದಿನ ಮೆಟ್ಟಿಲು ಯಾವುದೆಂದು ಬಲ್ಲವರು ಉಪಾಧ್ಯಾಯರೇ. ಆದರೆ ಕಾಲಿಡುವವರು ಮಕ್ಕಳು, ಆದ್ದರಿಂದ ಅವರ ಒಪ್ಪಿಗೆಯೂ ಬೇಕು.

ಮೂರನೆಯದಾಗಿ, ಅಳತೆ ಮಗುವಿನ ನಿನ್ನೆಯ ಮಟ್ಟದಿಂದ ಆಗಬೇಕು, ಪಕ್ಕದ ಮಗುವಿನಿಂದಲ್ಲ. ಜೆಸುಯಿಟ್ಟರ ಹಳೆಯ ಕ್ರಮದ ಪೈಪೋಟಿ ಕೆಲವರನ್ನು ಚುರುಕುಗೊಳಿಸಿರಬಹುದು, ಆದರೆ ದಿನವೂ ಸೋಲುವ ಮಗು ಪ್ರಯತ್ನವನ್ನೇ ಬಿಟ್ಟುಬಿಡುತ್ತದೆ. ಇಟಲಿಯ ವೈದ್ಯೆ ಮಾರಿಯಾ ಮಾಂಟೆಸರಿ 1907ರಲ್ಲಿ ರೋಮಿನ ಬಡವರ ಬಡಾವಣೆಯಲ್ಲಿ ಮಕ್ಕಳ ಮನೆಯನ್ನು ತೆರೆದಾಗ ಬೇರೆ ದಾರಿ ಹಿಡಿದರು. ಅವರ ಉಪಕರಣಗಳಲ್ಲಿ ತಪ್ಪು ತಾನಾಗಿಯೇ ಕಾಣುತ್ತದೆ. ದಪ್ಪದ ಗೂಟ ಸಣ್ಣ ಕುಳಿಯೊಳಗೆ ಇಳಿಯುವುದಿಲ್ಲ, ಯಾರೂ ಬೈಯಬೇಕಾಗಿಲ್ಲ. ಅವರು 1939ರಲ್ಲಿ ಮದ್ರಾಸಿಗೆ ಬಂದು, ಯುದ್ಧದ ವರ್ಷಗಳನ್ನು ಭಾರತದಲ್ಲೇ ಕಳೆದು ಅನೇಕ ಉಪಾಧ್ಯಾಯರಿಗೆ ತರಬೇತಿ ಕೊಟ್ಟರು.

ನಾಲ್ಕನೆಯದಾಗಿ, ಗುರಿ ಮುಟ್ಟದಿದ್ದರೆ ಅದನ್ನು ಅಪರಾಧವೆಂದು ನೋಡಬಾರದು. ಮೆಟ್ಟಿಲು ಎತ್ತರವಾಯಿತೇ, ಮಗು ಕೂಲಿಯ ಕಾಲದಲ್ಲಿ ತಂದೆತಾಯಿಯ ಜೊತೆ ಊರು ಬಿಟ್ಟಿತ್ತೇ, ಮನೆಯಲ್ಲಿ ತಂಗಿಯನ್ನು ಆಡಿಸುವ ಕೆಲಸವಿತ್ತೇ ಎಂದು ವಿಚಾರಿಸಬೇಕು. ಲಾ ಸಾಲ್‌ನ ಉಪಾಧ್ಯಾಯರು ಮಗುವಿನ ವಿವರವನ್ನು ಬರೆದಿಡುತ್ತಿದ್ದುದರ ಪ್ರಯೋಜನ ಇಲ್ಲೇ ಇದೆ.

2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳೆಲ್ಲರನ್ನೂ ಶಾಲೆಗೆ ಕರೆಯಿತು. 2021ರಲ್ಲಿ ಆರಂಭವಾದ ನಿಪುಣ್ ಭಾರತ್ ಯೋಜನೆ, ಮೂರನೆಯ ತರಗತಿ ಮುಗಿಸುವಾಗ ಪ್ರತಿ ಮಗುವೂ ಅರ್ಥ ಮಾಡಿಕೊಂಡು ಓದಬೇಕು, ಸರಳ ಲೆಕ್ಕ ಮಾಡಬೇಕು ಎಂಬ ಗುರಿಯನ್ನು ದೇಶಕ್ಕೇ ಇಟ್ಟಿತು. ಇಂಥ ಗುರಿಗಳು ದೆಹಲಿಯಲ್ಲೋ ಬೆಂಗಳೂರಿನಲ್ಲೋ ಬರೆಯಲ್ಪಡುತ್ತವೆ. ಅವು ಈಡೇರುವುದು ಔರಾದದ ಒಂದು ತರಗತಿಯಲ್ಲಿ ಒಬ್ಬ ಹುಡುಗಿ 'ಇದು ನನಗೆ ಬಂತು, ಮುಂದಿನದು ಯಾವುದು?' ಎಂದು ತಾನಾಗಿ ಕೇಳಿದಾಗ ಮಾತ್ರ.

ವಿದ್ಯಾರ್ಥಿ ಮಿತ್ರರೇ, ಈ ಇತಿಹಾಸದ ಇನ್ನೂ ಬರೆಯದ ಪುಟಗಳು ನಿಮ್ಮ ಊರಿನಲ್ಲೇ ಇವೆ. ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ. ಅವರು ಯಾವ ಭಾಷೆಯಲ್ಲಿ ಅಕ್ಷರ ಕಲಿತರು, ಯಾವ ತರಗತಿಗೆ ಶಾಲೆ ಬಿಟ್ಟರು, ಏಕೆ ಬಿಟ್ಟರು ಎಂಬುದನ್ನು ಬರೆದುಕೊಳ್ಳಿ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಒಂದನೆಯ, ಎರಡನೆಯ ತರಗತಿಯ ಮಗುವಿದ್ದರೆ ವಾರಕ್ಕೊಮ್ಮೆ ಅದರ ಜೊತೆ ಕುಳಿತು ಒಂದು ಸಣ್ಣ ಗುರಿಯನ್ನು ಅದರ ಬಾಯಿಂದಲೇ ಹೇಳಿಸಿ, ಅದರ ಕೈಯಿಂದಲೇ ಬರೆಸಿ. ಚನ್ನಬಸವ ಪಟ್ಟದ್ದೇವರು ಒಂದು ಫಲಕದ ಮರೆಯಲ್ಲಿ ಅಂಜುತ್ತ ಮಾಡಿಸಬೇಕಾಗಿದ್ದ ಕೆಲಸವನ್ನು ಇಂದು ನಾವು ಬಯಲಿನಲ್ಲಿ, ಯಾರ ಅನುಮತಿಯನ್ನೂ ಕೇಳದೆ ಮಾಡಬಹುದು.